ಪ್ರೌಢಶಾಲಾ ಹಂತದ ಶಸ್ತ್ರಚಿಕಿತ್ಸಾ ತಂತ್ರಜ್ಞ ತರಬೇತಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಶಸ್ತ್ರಚಿಕಿತ್ಸಾ ತಂತ್ರಜ್ಞರು ಶಸ್ತ್ರಕ್ರಿಯಾ ಕೊಠಡಿಯನ್ನು ಸಜ್ಜುಗೊಳಿಸುವ, ಉಪಕರಣಗಳನ್ನು ಸೋಂಕುರಹಿತವಾಗಿ ಕಾಪಾಡಿಕೊಂಡು ಶಸ್ತ್ರವೈದ್ಯರ ಕೈಗೆ ಒದಗಿಸುವ ಆರೋಗ್ಯ ಸಿಬ್ಬಂದಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವೃತ್ತಿಯ ಪೂರ್ವಸಿದ್ಧತೆಯನ್ನು, ಕೆಲವೆಡೆ ತರಬೇತಿಯ ಒಂದು ಭಾಗವನ್ನೇ, ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ ಪಡೆಯಬಹುದು. ಆದರೆ ಪ್ರೌಢಶಾಲೆಯ ಕಲಿಕೆಯೊಂದರಿಂದಲೇ ಪ್ರಮಾಣಿತ ತಂತ್ರಜ್ಞರಾಗಲು ಸಾಧ್ಯವಿಲ್ಲ. ವೃತ್ತಿಯ ಮುಖ್ಯ ಪ್ರಮಾಣಪತ್ರಕ್ಕೆ ಮಾನ್ಯತೆ ಪಡೆದ ಪಠ್ಯಕ್ರಮವನ್ನು ಮುಗಿಸಿರಬೇಕು ಮತ್ತು ಆಸ್ಪತ್ರೆಯಲ್ಲಿ ನಿಗದಿತ ಸಂಖ್ಯೆಯ ಶಸ್ತ್ರಕ್ರಿಯೆಗಳಲ್ಲಿ ಕೈಜೋಡಿಸಿರಬೇಕು.

ಅಮೆರಿಕದ ಪ್ರೌಢಶಾಲೆ ಎಂದರೆ ಸಾಮಾನ್ಯವಾಗಿ 9ರಿಂದ 12ನೆಯ ತರಗತಿ. ಕರ್ನಾಟಕದ ಲೆಕ್ಕದಲ್ಲಿ ಇದು ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪದವಿಪೂರ್ವ ಶಿಕ್ಷಣದ ಎರಡು ವರ್ಷಗಳಿಗೆ ಸಮ. ಈ ಲೇಖನದಲ್ಲಿ 'ಪ್ರೌಢಶಾಲೆ' ಎಂಬ ಪದವನ್ನು ಅದೇ ಅರ್ಥದಲ್ಲಿ ಬಳಸಲಾಗಿದೆ.

ವೃತ್ತಿಯ ಹಿನ್ನೆಲೆ

ಈ ವೃತ್ತಿ ಬೆಳೆದದ್ದು ಯುದ್ಧಭೂಮಿಯ ಅಗತ್ಯದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯರ ಕೊರತೆ ತೀವ್ರವಾದಾಗ ಸೇನೆಯ ವೈದ್ಯಕೀಯ ಸಹಾಯಕರಿಗೆ ಶಸ್ತ್ರಕ್ರಿಯಾ ಕೊಠಡಿಯ ಕೆಲಸ ಕಲಿಸಲಾಯಿತು. ಯುದ್ಧ ಮುಗಿದ ಮೇಲೆ ನಾಗರಿಕ ಆಸ್ಪತ್ರೆಗಳೂ ಇಂಥವರನ್ನು ನೇಮಿಸಿಕೊಳ್ಳತೊಡಗಿದವು. ಆಗ ಅವರಿಗಿದ್ದ ಹೆಸರು 'ಆಪರೇಟಿಂಗ್ ರೂಮ್ ಟೆಕ್ನಿಷಿಯನ್'. 1969ರಲ್ಲಿ ಅವರದೇ ಸಂಘವೊಂದು ಸ್ಥಾಪನೆಯಾಯಿತು. ಅದು ಮುಂದೆ 'ಅಸೋಸಿಯೇಷನ್ ಆಫ್ ಸರ್ಜಿಕಲ್ ಟೆಕ್ನಾಲಜಿಸ್ಟ್ಸ್' ಎಂದು ಹೆಸರು ಬದಲಿಸಿಕೊಂಡಿತು. ಮೊದಲ ಪ್ರಮಾಣೀಕರಣ ಪರೀಕ್ಷೆ 1970ರಲ್ಲಿ ನಡೆಯಿತು. 'ಟೆಕ್ನಿಷಿಯನ್' ಎಂಬ ಹಳೆಯ ಪದ ಆಡುಮಾತಿನಲ್ಲಿ ಇಂದಿಗೂ ಉಳಿದಿದೆ, ಆದರೆ ಅಧಿಕೃತ ದಾಖಲೆಗಳಲ್ಲಿ 'ಟೆಕ್ನಾಲಜಿಸ್ಟ್' ಎಂಬುದೇ ರೂಢಿ.

ಪ್ರೌಢಶಾಲೆಯಲ್ಲಿ ವೃತ್ತಿಶಿಕ್ಷಣ ನೀಡುವ ಪದ್ಧತಿ ಇದಕ್ಕಿಂತ ಹಳೆಯದು. 1917ರ ಸ್ಮಿತ್–ಹ್ಯೂಸ್ ಕಾಯಿದೆಯು ಕೃಷಿ, ಕೈಗಾರಿಕೆ ಮತ್ತು ಗೃಹವಿಜ್ಞಾನಗಳ ಬೋಧನೆಗೆ ಒಕ್ಕೂಟ ಸರ್ಕಾರದ ಹಣ ಒದಗಿಸಿತು. 1984ರ ಕಾರ್ಲ್ ಡಿ. ಪರ್ಕಿನ್ಸ್ ಕಾಯಿದೆ ಮತ್ತು ಅದರ ನಂತರದ ಪರಿಷ್ಕರಣೆಗಳು ಇಂದಿನ ವ್ಯವಸ್ಥೆಗೆ ಆಧಾರ. ಇವುಗಳಲ್ಲಿ ಇತ್ತೀಚಿನದು 2018ರದು. ಆರೋಗ್ಯ ವಿಜ್ಞಾನ ಈಗ ಈ ಶಿಕ್ಷಣದ ಪ್ರಮುಖ ಶಾಖೆಗಳಲ್ಲಿ ಒಂದು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ 1972ರಲ್ಲಿ ಬೇಲರ್ ವೈದ್ಯಕೀಯ ಕಾಲೇಜಿನ ಸಹಯೋಗದೊಂದಿಗೆ ಆರಂಭವಾದ ಆರೋಗ್ಯ ವೃತ್ತಿಗಳ ಪ್ರೌಢಶಾಲೆ ಇಂಥ ಶಾಲೆಗಳಿಗೆ ಮಾದರಿಯಾಯಿತು. ಹೃದಯ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ತಂತ್ರಜ್ಞರು ನಿತ್ಯ ಬಳಸುವ, ರಕ್ತನಾಳಗಳಿಗೆ ಗಾಸಿಯಾಗದಂತೆ ಹಿಡಿಯುವ ಚಿಮ್ಮಟಕ್ಕೂ ಅವರದೇ ಹೆಸರಿದೆ.

ಕೆಲಸದ ಸ್ವರೂಪ

ಶಸ್ತ್ರಕ್ರಿಯಾ ಕೊಠಡಿಯಲ್ಲಿ ಎರಡು ಬಗೆಯ ಸಹಾಯಕರಿರುತ್ತಾರೆ. ಕೈ ತಿಕ್ಕಿ ತೊಳೆದು, ಸೋಂಕುರಹಿತ ನಿಲುವಂಗಿ ಮತ್ತು ಕೈಗವಸು ತೊಟ್ಟು ಮೇಜಿನ ಬಳಿ ನಿಲ್ಲುವವರು ಒಬ್ಬರು. ಅಮೆರಿಕದಲ್ಲಿ ಈ ಸ್ಥಾನ ಸಾಮಾನ್ಯವಾಗಿ ತಂತ್ರಜ್ಞರದು. ಸೋಂಕುರಹಿತ ವಲಯದ ಹೊರಗೆ ಓಡಾಡುತ್ತ ಬೇಕಾದುದನ್ನು ಒದಗಿಸುವ, ದಾಖಲೆ ಬರೆಯುವ ನೋಂದಾಯಿತ ದಾದಿ ಇನ್ನೊಬ್ಬರು.

ಉಪಕರಣ ನೀಡುವುದು ತಂತ್ರಜ್ಞರ ಕೆಲಸದ ಕಣ್ಣಿಗೆ ಕಾಣುವ ಭಾಗ ಮಾತ್ರ. ರೋಗಿ ಬರುವ ಮೊದಲೇ ಉಪಕರಣಗಳ ಪೆಟ್ಟಿಗೆಗಳನ್ನು ಪರಿಶೀಲಿಸಬೇಕು. ಹಬೆಯಿಂದ ಕ್ರಿಮಿನಾಶನ ಮಾಡುವ ಆಟೊಕ್ಲೇವಿನಲ್ಲಿ ಅವು ಸರಿಯಾಗಿ ಶುದ್ಧವಾಗಿವೆ ಎಂಬುದನ್ನು ಪೆಟ್ಟಿಗೆಯೊಳಗಿನ ಸೂಚಕಪಟ್ಟಿಯ ಬಣ್ಣ ನೋಡಿ ಖಚಿತಪಡಿಸಿಕೊಳ್ಳಬೇಕು. ನಿರ್ವಾತ ಪದ್ಧತಿಯಲ್ಲಿ 132 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 4 ನಿಮಿಷ, ಸಾಮಾನ್ಯ ಪದ್ಧತಿಯಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ ಎಂಬ ಅಳತೆಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಆಮೇಲೆ ಗಾಜ್ ಬಟ್ಟೆ, ಸೂಜಿ, ಅಲಗು, ಚಿಮ್ಮಟಗಳನ್ನು ದಾದಿಯೊಂದಿಗೆ ಗಟ್ಟಿಯಾಗಿ ಎಣಿಸಬೇಕು. ಗಾಯ ಮುಚ್ಚುವ ಮುನ್ನ ಮತ್ತೆ ಎಣಿಸಬೇಕು, ಚರ್ಮ ಹೊಲಿಯುವಾಗ ಇನ್ನೊಮ್ಮೆ. ಎಣಿಕೆ ತಾಳೆಯಾಗದಿದ್ದರೆ ಹುಡುಕಾಟ ನಡೆಯುತ್ತದೆ, ಸಿಗದಿದ್ದರೆ ರೋಗಿಯ ಎಕ್ಸ್-ರೇ ತೆಗೆಯುತ್ತಾರೆ. ರೋಗಿಯ ದೇಹದೊಳಗೆ ಒಂದು ಗಾಜ್ ತುಂಡು ಉಳಿದರೂ ಕೀವು, ಮರುಶಸ್ತ್ರಕ್ರಿಯೆ, ಕೆಲವೊಮ್ಮೆ ಸಾವೂ ಸಂಭವಿಸಬಹುದು.

ಶಸ್ತ್ರಕ್ರಿಯಾ ಅಂತಃಸಾಕ್ಷಿ ಎಂದು ಕರೆಯುವ ಗುಣವೊಂದನ್ನು ಈ ವಿದ್ಯೆಯ ಕೇಂದ್ರದಲ್ಲಿ ಇರಿಸಲಾಗಿದೆ. ಕೈಗವಸಿನ ತುದಿ ಸೋಂಕುರಹಿತವಲ್ಲದ ಅಂಚಿಗೆ ತಗುಲಿದ್ದನ್ನು ಬೇರೆ ಯಾರೂ ಗಮನಿಸದಿದ್ದರೂ, ತಂತ್ರಜ್ಞರು ತಾವಾಗಿ ಹೇಳಿ ಅದನ್ನು ಬದಲಿಸಿಕೊಳ್ಳಬೇಕು. ಶಸ್ತ್ರವೈದ್ಯರು ಅವಸರದಲ್ಲಿದ್ದರೂ, ಗದರಿದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಹದಿನೇಳು ವರ್ಷದವರಿಗೆ ಕಲಿಸುವಾಗ ಉಪಕರಣಗಳ ಹೆಸರಿಗಿಂತ ಕಠಿಣವಾದ ಪಾಠ ಇದೇ.

ಪ್ರೌಢಶಾಲೆಯಲ್ಲಿ ಲಭ್ಯವಿರುವ ಕಲಿಕೆ

ಮೊದಲ ಎರಡು ವರ್ಷ ಜೀವಶಾಸ್ತ್ರ, ರಸಾಯನಶಾಸ್ತ್ರ, ಬೀಜಗಣಿತ ಮತ್ತು ಭಾಷಾಪಾಠಗಳಿಗೆ ಗಮನ ಕೊಡುವುದು ವಾಡಿಕೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ವೈದ್ಯಕೀಯ ಪರಿಭಾಷೆ ಮುಂದಿನ ತರಬೇತಿಯ ಬುನಾದಿ. ವೈದ್ಯಕೀಯ ಪದಗಳ ಗ್ರೀಕ್ ಮತ್ತು ಲ್ಯಾಟಿನ್ ಮೂಲಗಳನ್ನು ಬಿಡಿಸಿ ಓದಲು ಕಲಿತ ವಿದ್ಯಾರ್ಥಿ ಉದ್ದನೆಯ ಶಸ್ತ್ರಕ್ರಿಯೆಯ ಹೆಸರಿಗೆ ಹೆದರುವುದಿಲ್ಲ.

11 ಮತ್ತು 12ನೆಯ ತರಗತಿಗಳಲ್ಲಿ ಅನೇಕ ಜಿಲ್ಲೆಗಳ ವಿದ್ಯಾರ್ಥಿಗಳು ದಿನದ ಅರ್ಧ ಭಾಗವನ್ನು ವೃತ್ತಿ ತರಬೇತಿ ಕೇಂದ್ರದಲ್ಲಿ ಕಳೆಯುತ್ತಾರೆ. ಒಕ್ಲಹೋಮ ರಾಜ್ಯದ ತಾಂತ್ರಿಕ ಕೇಂದ್ರಗಳು ವಯಸ್ಕರಿಗೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತವೆ. ತಮ್ಮ ವ್ಯಾಪ್ತಿಯ ಪ್ರೌಢಶಾಲಾ ವಿದ್ಯಾರ್ಥಿಗಳಿಂದ ಅವು ಬೋಧನಾ ಶುಲ್ಕ ಪಡೆಯುವುದಿಲ್ಲ. ಇನ್ನೊಂದು ದಾರಿ ಜಂಟಿ ದಾಖಲಾತಿ. ಇದರಲ್ಲಿ ವಿದ್ಯಾರ್ಥಿ ಸ್ಥಳೀಯ ಸಮುದಾಯ ಕಾಲೇಜಿನ ತರಗತಿಗೆ ಹಾಜರಾಗುತ್ತಾನೆ, ಗಳಿಸಿದ ಅಂಕಗಳು ಶಾಲೆ ಮತ್ತು ಕಾಲೇಜು ಎರಡರಲ್ಲೂ ಎಣಿಕೆಗೆ ಬರುತ್ತವೆ. ಮಿನೆಸೋಟ ರಾಜ್ಯ 1985ರಲ್ಲಿಯೇ ಇದಕ್ಕೆ ಕಾನೂನು ಮಾಡಿತು. ಕಾಲೇಜು ಶುಲ್ಕ ದುಬಾರಿಯಾಗಿರುವ ದೇಶದಲ್ಲಿ ಬಡ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಆದರೆ ಒಂದು ಕಾಲೇಜಿನಲ್ಲಿ ಗಳಿಸಿದ ಅಂಕಗಳನ್ನು ಮತ್ತೊಂದು ಕಾಲೇಜು ಒಪ್ಪಲೇಬೇಕೆಂಬ ನಿಯಮ ಎಲ್ಲೆಡೆ ಇಲ್ಲ. ಆದ್ದರಿಂದ ಮುಂದೆ ಸೇರಲಿರುವ ಕಾಲೇಜನ್ನು ಮೊದಲೇ ವಿಚಾರಿಸುವುದು ಒಳಿತು.

ಶಸ್ತ್ರಕ್ರಿಯಾ ಕೊಠಡಿಗೆ ಹತ್ತಿರದ ಸಣ್ಣ ವೃತ್ತಿಗಳೂ ಮೆಟ್ಟಿಲುಗಳಾಗುತ್ತವೆ. ಪ್ರಾಣರಕ್ಷಕ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನು ಶಾಲೆಯಲ್ಲಿಯೇ ಪಡೆಯಬಹುದು. ದಾದಿಯ ಸಹಾಯಕರ ತರಬೇತಿಗೆ ಒಕ್ಕೂಟ ಕಾನೂನು ಕನಿಷ್ಠ 75 ಗಂಟೆಗಳನ್ನು ನಿಗದಿಪಡಿಸಿದೆ. ಇವೆಲ್ಲಕ್ಕಿಂತ ಉಪಯುಕ್ತವೆಂದರೆ ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗದ ಕೆಲಸ. ನೂರಾರು ಉಪಕರಣಗಳನ್ನು ತೊಳೆದು, ಬಿಡಿಸಿ, ಜೋಡಿಸಿ ಪೆಟ್ಟಿಗೆ ಕಟ್ಟಿದವರಿಗೆ ಮೆಟ್ಜೆನ್‌ಬಾಮ್ ಕತ್ತರಿಗೂ ಮೇಯೊ ಕತ್ತರಿಗೂ ಇರುವ ಭೇದವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಈ ವಿಭಾಗದ ಮುಖ್ಯ ಪ್ರಮಾಣಪತ್ರಗಳಲ್ಲೊಂದಕ್ಕೆ 400 ಗಂಟೆಗಳ ಪ್ರತ್ಯಕ್ಷ ಕೆಲಸ ಬೇಕು. 1976ರಲ್ಲಿ ಆರಂಭವಾದ 'ಹೋಸಾ' ಎಂಬ ವಿದ್ಯಾರ್ಥಿ ಸಂಘಟನೆ ಆರೋಗ್ಯ ವಿಷಯಗಳ ಸ್ಪರ್ಧೆಗಳನ್ನು ನಡೆಸುತ್ತದೆ.

ಮಾನ್ಯತೆ ಮತ್ತು ಪ್ರಮಾಣೀಕರಣ

ಕುಟುಂಬಗಳು ಎಡವುವುದು ಹೆಚ್ಚಾಗಿ ಇಲ್ಲಿ. 'ಸರ್ಟಿಫೈಡ್ ಸರ್ಜಿಕಲ್ ಟೆಕ್ನಾಲಜಿಸ್ಟ್' ಎಂಬ ಪ್ರಮಾಣಪತ್ರವನ್ನು ನೀಡುವ ರಾಷ್ಟ್ರೀಯ ಮಂಡಳಿ, 'ಕಾಹೆಪ್' ಅಥವಾ 'ಅಭೆಸ್' ಎಂಬ ಸಂಸ್ಥೆಗಳಿಂದ ಮಾನ್ಯತೆ ಪಡೆದ ಪಠ್ಯಕ್ರಮವನ್ನು ಮುಗಿಸಿದವರಿಗೆ ಪರೀಕ್ಷೆಗೆ ಅವಕಾಶ ಕೊಡುತ್ತದೆ. ಸೇನೆಯ ಶಸ್ತ್ರಚಿಕಿತ್ಸಾ ತಂತ್ರಜ್ಞಾನ ತರಬೇತಿ ಮುಗಿಸಿದವರೂ ಅರ್ಹರು. ಶಾಲೆಯ ಫಲಕದಲ್ಲಿ 'ಶಸ್ತ್ರಚಿಕಿತ್ಸಾ ತಂತ್ರಜ್ಞಾನ' ಎಂದು ಬರೆದಿದ್ದ ಮಾತ್ರಕ್ಕೆ ಆ ಪಠ್ಯಕ್ರಮಕ್ಕೆ ಮಾನ್ಯತೆ ಇದೆ ಎಂದಲ್ಲ. ಕಾಲೇಜಿಗೆ ಒಟ್ಟಾರೆಯಾಗಿ ಇರುವ ಮಾನ್ಯತೆ ಬೇರೆ, ಈ ನಿರ್ದಿಷ್ಟ ಪಠ್ಯಕ್ರಮಕ್ಕೆ ಇರುವ ಮಾನ್ಯತೆ ಬೇರೆ. ಎರಡನೆಯದು ಇಲ್ಲದ ಕಡೆ ಓದಿದವರು ಹಣವನ್ನೂ ವರ್ಷಗಳನ್ನೂ ವ್ಯಯಿಸಿ ಕೊನೆಗೆ ಈ ಪರೀಕ್ಷೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಮಾನ್ಯತೆ ನೀಡುವ ಸಂಸ್ಥೆಗಳ ಪಟ್ಟಿಗಳು ಸಾರ್ವಜನಿಕವಾಗಿವೆ. ಸೇರುವ ಮುನ್ನ ಅವುಗಳಲ್ಲಿ ಹೆಸರು ಹುಡುಕುವುದಕ್ಕೆ ಕೆಲವೇ ನಿಮಿಷ ಸಾಕು.

ಮಾನ್ಯ ಪಠ್ಯಕ್ರಮದಲ್ಲಿ ವಿದ್ಯಾರ್ಥಿ ಕನಿಷ್ಠ 120 ಶಸ್ತ್ರಕ್ರಿಯೆಗಳಲ್ಲಿ ಭಾಗವಹಿಸಬೇಕು. ಇವುಗಳಲ್ಲಿ 30 ಸಾಮಾನ್ಯ ಶಸ್ತ್ರಚಿಕಿತ್ಸೆ, ಉಳಿದ 90 ಮೂಳೆ, ಕಣ್ಣು, ಸ್ತ್ರೀರೋಗ ಮೊದಲಾದ ವಿಶೇಷ ವಿಭಾಗಗಳವು. ಮೊದಲ ಗುಂಪಿನ 20ರಲ್ಲಿ ಮತ್ತು ಎರಡನೆಯ ಗುಂಪಿನ 60ರಲ್ಲಿ ವಿದ್ಯಾರ್ಥಿ ಮುಖ್ಯ ಸಹಾಯಕನ ಪಾತ್ರ ವಹಿಸಿರಬೇಕು. ಮೇಜು ಸಜ್ಜುಗೊಳಿಸುವುದು, ಎಣಿಕೆ, ಉಪಕರಣ ನೀಡುವುದು ಮುಂತಾದ ಎಲ್ಲ ಕರ್ತವ್ಯಗಳನ್ನೂ ನಿರ್ವಹಿಸಿದಾಗ ಮಾತ್ರ ಅದನ್ನು ಮುಖ್ಯ ಪಾತ್ರವೆಂದು ಎಣಿಸುತ್ತಾರೆ. ಬದಿಯಲ್ಲಿ ನಿಂತು ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ವೇಳಾಪಟ್ಟಿಯೊಳಗೆ ಇಷ್ಟನ್ನು ತುರುಕುವುದು ಕಷ್ಟ. ಹೀಗಾಗಿ ಪ್ರೌಢಶಾಲೆಯಲ್ಲಿ ಆರಂಭಿಸಿದವರೂ ಸಾಮಾನ್ಯವಾಗಿ ಆಸ್ಪತ್ರೆಯ ಹಂತವನ್ನು ಶಾಲೆ ಮುಗಿದ ಮೇಲೆಯೇ ಪೂರೈಸುತ್ತಾರೆ.

ಪರೀಕ್ಷೆಯಲ್ಲಿ 175 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಅಂಕಗಳಿಗೆ ಪರಿಗಣಿಸುವುದು 150ನ್ನು ಮಾತ್ರ, ಉಳಿದವು ಪ್ರಾಯೋಗಿಕ ಪ್ರಶ್ನೆಗಳು. ಟೆಕ್ಸಾಸ್, ಟೆನೆಸಿ, ನ್ಯೂಯಾರ್ಕ್, ನ್ಯೂಜೆರ್ಸಿ ಮೊದಲಾದ ಕೆಲವು ರಾಜ್ಯಗಳಲ್ಲಿ ಈ ವೃತ್ತಿಗೆ ಸೇರಲು ಶಿಕ್ಷಣ ಮತ್ತು ಪ್ರಮಾಣಪತ್ರದ ಬಗ್ಗೆ ಕಾನೂನಿದೆ. ಕಾನೂನಿಲ್ಲದ ರಾಜ್ಯಗಳಲ್ಲಿಯೂ ಪ್ರಮಾಣಪತ್ರವನ್ನು ಅಪೇಕ್ಷಿಸುವ ಆಸ್ಪತ್ರೆಗಳು ಅನೇಕ.

ವಯಸ್ಸು, ಆರೋಗ್ಯ ಮತ್ತು ನಡತೆಯ ಷರತ್ತುಗಳು

ಅನೇಕ ಆಸ್ಪತ್ರೆಗಳು 18 ವರ್ಷ ತುಂಬದವರನ್ನು ಶಸ್ತ್ರಕ್ರಿಯಾ ಕೊಠಡಿಯ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ವಿಕಿರಣ ಇದಕ್ಕೆ ಒಂದು ಕಾರಣ. ಮೂಳೆ ಮತ್ತು ರಕ್ತನಾಳಗಳ ಶಸ್ತ್ರಕ್ರಿಯೆಯಲ್ಲಿ ಎಕ್ಸ್-ರೇ ಯಂತ್ರವನ್ನು ಮೇಜಿನ ಪಕ್ಕದಲ್ಲಿಯೇ ಬಳಸುತ್ತಾರೆ. ಅಪ್ರಾಪ್ತ ವಯಸ್ಸಿನ ಕೆಲಸಗಾರರಿಗೆ ಒಕ್ಕೂಟ ನಿಯಮಗಳು ವಿಧಿಸಿರುವ ವಿಕಿರಣದ ಮಿತಿ ವಯಸ್ಕರ ಮಿತಿಯ ಶೇಕಡ 10 ಮಾತ್ರ. ರಕ್ತದ ಮೂಲಕ ಹರಡುವ ರೋಗಗಳ ಭಯವೂ ಇದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಹಿಡಿಯುವುದರಿಂದ ಲಸಿಕೆಯ ದಾಖಲೆಯನ್ನು ಕೊನೆಯ ಗಳಿಗೆಗೆ ಬಿಡುವಂತಿಲ್ಲ.

ಹಿನ್ನೆಲೆ ಪರಿಶೀಲನೆ ಮತ್ತು ಮಾದಕವಸ್ತು ಪರೀಕ್ಷೆ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತವೆ. 2009ರಲ್ಲಿ ಕೊಲರಾಡೊ ರಾಜ್ಯದಲ್ಲಿ ತಂತ್ರಜ್ಞೆಯೊಬ್ಬಳು ರೋಗಿಗಳಿಗೆ ಮೀಸಲಾದ ನೋವುನಿವಾರಕವನ್ನು ಕದ್ದು ತಾನು ಬಳಸಿದ ಸಿರಿಂಜುಗಳನ್ನು ಅಲ್ಲಿಟ್ಟ ಪ್ರಕರಣ ಬೆಳಕಿಗೆ ಬಂದಿತು. ಹಲವು ರೋಗಿಗಳಿಗೆ ಹೆಪಟೈಟಿಸ್ ಸಿ ತಗುಲಿತು. ಮರುವರ್ಷ ಆ ರಾಜ್ಯ ಶಸ್ತ್ರಚಿಕಿತ್ಸಾ ತಂತ್ರಜ್ಞರ ನೋಂದಣಿಯನ್ನು ಕಡ್ಡಾಯಗೊಳಿಸಿತು. ರೋಗಿಯ ಗೋಪ್ಯತೆಯ 1996ರ 'ಹಿಪಾ' ಕಾಯಿದೆಯೂ ವಿದ್ಯಾರ್ಥಿಗಳನ್ನು ಬಿಟ್ಟಿಲ್ಲ. ಶಸ್ತ್ರಕ್ರಿಯೆಯ ಒಂದು ಚಿತ್ರವನ್ನು ಗೆಳೆಯರಿಗೆ ಕಳುಹಿಸಿದರೂ ತರಬೇತಿ ಅಲ್ಲಿಗೆ ಮುಗಿಯಬಹುದು.

ಮೊದಲ ದಿನಗಳಲ್ಲಿ ತಲೆಸುತ್ತು ಬರುವುದು ಅಪರೂಪವಲ್ಲ. ಬೆಳಿಗ್ಗೆ ಉಪಾಹಾರ ಮಾಡಿ ಬರಬೇಕು, ಮಂಡಿ ಬಿಗಿಹಿಡಿದು ನಿಲ್ಲಬಾರದು, ಕಣ್ಣು ಕತ್ತಲಿಟ್ಟರೆ ಮೇಜಿನ ಕಡೆಗೆ ಬೀಳದಂತೆ ಹಿಂದೆ ಸರಿದು ಕುಳಿತುಕೊಳ್ಳಬೇಕು ಎಂದು ಬೋಧಕರು ಮೊದಲೇ ತಿಳಿಸುತ್ತಾರೆ. ಒಮ್ಮೆ ತಲೆಸುತ್ತು ಬಂದದ್ದು ಅನರ್ಹತೆಯಲ್ಲ. ಗಂಟೆಗಟ್ಟಲೆ ನಿಲ್ಲುವ ಶಕ್ತಿ, ರಾತ್ರಿ ಪಾಳಿಗೆ ಸಿದ್ಧತೆ, ಮೇಜಿನ ಮೇಲೆಯೇ ರೋಗಿ ತೀರಿಕೊಂಡಾಗಲೂ ಕೈಯಲ್ಲಿರುವ ಕೆಲಸ ಮುಗಿಸುವ ಸ್ಥೈರ್ಯ ಇವು ಹೆಚ್ಚು ಮುಖ್ಯ.

ಕರ್ನಾಟಕದ ವ್ಯವಸ್ಥೆಯೊಂದಿಗೆ ವ್ಯತ್ಯಾಸ

ಕರ್ನಾಟಕದಲ್ಲಿ ಶಾಲಾ ಹಂತದಲ್ಲಿ ಇಂಥ ತರಬೇತಿಯಿಲ್ಲ. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದವರು ಅರೆವೈದ್ಯಕೀಯ ಮಂಡಳಿಯ ಆಪರೇಷನ್ ಥಿಯೇಟರ್ ತಂತ್ರಜ್ಞಾನ ಡಿಪ್ಲೊಮಾಗೆ ಸೇರಬಹುದು. ಪದವಿ ಮಟ್ಟದ ಶಿಕ್ಷಣವನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. 2021ರ ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯು ಈ ವೃತ್ತಿಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿದೆ.

ಹೆಸರು ಹೋಲುತ್ತದಾದರೂ ಕೆಲಸ ಪೂರ್ತಿ ಒಂದೇ ಅಲ್ಲ. ಭಾರತದ ಆಸ್ಪತ್ರೆಗಳಲ್ಲಿ ಉಪಕರಣ ನೀಡುವ ಕೆಲಸವನ್ನು ಬಹುಮಟ್ಟಿಗೆ ದಾದಿಯರೇ ಮಾಡುತ್ತಾರೆ. ಓಟಿ ಟೆಕ್ನಿಷಿಯನ್ನರು ಅರಿವಳಿಕೆ ಯಂತ್ರ, ಆಮ್ಲಜನಕದ ಸರಬರಾಜು, ಮೇಜು ಮತ್ತು ದೀಪಗಳ ಜವಾಬ್ದಾರಿಯನ್ನು ಹೊರುತ್ತಾರೆ. ಅಮೆರಿಕದಲ್ಲಿ ಅರಿವಳಿಕೆ ತಂತ್ರಜ್ಞರದು ಪ್ರತ್ಯೇಕ ವೃತ್ತಿ. ಭಾರತದ ಡಿಪ್ಲೊಮಾ ಇದ್ದ ಮಾತ್ರಕ್ಕೆ ಅಮೆರಿಕದ ಪ್ರಮಾಣೀಕರಣ ಪರೀಕ್ಷೆಗೆ ಅರ್ಹತೆ ಬರುವುದಿಲ್ಲ. ವಲಸೆ ಹೋಗುವ ಯೋಚನೆಯಿರುವವರು ಅಲ್ಲಿನ ಮಾನ್ಯ ಪಠ್ಯಕ್ರಮವೊಂದನ್ನು ಪುನಃ ಓದಬೇಕಾಗುತ್ತದೆ ಎಂಬುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.