ಬರಗಾಲ ಹಾಕಿಸಿದ ಹಳಿ

1876ರಿಂದ 78ರವರೆಗಿನ ಬರದಲ್ಲಿ ತೀರ ನಲುಗಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯೆಲ್ಲ ಆಗ ಅದೇ ಜಿಲ್ಲೆಗೆ ಸೇರಿತ್ತು. ಹೊರಗಿನಿಂದ ಜೋಳ ತರಬೇಕೆಂದರೆ ಚಕ್ಕಡಿಯೊಂದೇ ಗತಿ. ಮೇವು, ನೀರಿಲ್ಲದೆ ಎತ್ತುಗಳೇ ಸತ್ತ ಮೇಲೆ ಚಕ್ಕಡಿ ಎಳೆಯುವವರಾರು? ಬಂದರಿನಲ್ಲಿ ಕಾಳು ಇದ್ದರೂ ಹಸಿದ ಹಳ್ಳಿಗೆ ಮುಟ್ಟುವ ದಾರಿಯಿರಲಿಲ್ಲ.

ಈ ಅನುಭವವೇ ರೈಲು ತಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಗದಗ–ಹೊಟಗಿ ಮಾರ್ಗದಲ್ಲಿ ಬಂಡಿ ಓಡಿತು. ಖರ್ಚು ಕಡಿಮೆಯೆಂದು ಹಾಕಿದ್ದು ಮೀಟರ್ ಗೇಜ್: ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಹೊಟಗಿಯಲ್ಲಿ ಎದುರಾಗುತ್ತಿದ್ದ ಮುಂಬೈ ಕಡೆಯ ದೊಡ್ಡ ಹಳಿಯ ಅಗಲ 1,676 ಮಿಲಿಮೀಟರ್. ಹಾಗಾಗಿ ಮುಂಬೈಗೆ ಹೊರಟ ಅರಳೆ ಅಂಡಿಗೆಯನ್ನು ಹಮಾಲರು ಅಲ್ಲಿ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗುತ್ತಿತ್ತು.

ಗದಗಿನಿಂದ ಹೊರಟ ಹಳಿ ಹೊಳೆಆಲೂರಿನ ಬಳಿ ಮಲಪ್ರಭೆ ದಾಟಿ, ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆ ಹಾಯ್ದು ಆಲಮಟ್ಟಿಯಲ್ಲಿ ಕೃಷ್ಣೆ ದಾಟುತ್ತದೆ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಬನಶಂಕರಿ ಜಾತ್ರೆಗೆ ಬಂದವರು ಅಲ್ಲಿಳಿದು ಟಾಂಗಾ ಹಿಡಿಯುತ್ತಿದ್ದರು. ಖಣದ ಊರು ಗುಳೇದಗುಡ್ಡಕ್ಕೆ ಹಳಿ ಹತ್ತಲಿಲ್ಲ, ನಿಲ್ದಾಣದ ಹೆಸರು ಮಾತ್ರ ದಕ್ಕಿತು. ರೈಲಿನ ಡಬ್ಬಿಯೊಳಗೆ ಹೆಣ್ಣುಮಕ್ಕಳು ಊಟದ ಬುಟ್ಟಿ ಹೊತ್ತು ಬರುತ್ತಿದ್ದರು. ಎರಡು ಖಡಕ್ ರೊಟ್ಟಿ, ಮೇಲೊಂದಿಷ್ಟು ಪಲ್ಯ, ಶೇಂಗಾ ಚಟ್ನಿ, ಗಡಿಗೆಯಿಂದ ತೆಗೆದು ಹಾಕಿದ ಗಟ್ಟಿ ಮೊಸರು. ಈ ಮಾರ್ಗದ ಊಟವೆಂದರೆ ಅದೇ.

ಹಳಿ ಹೋದ ಊರಿಗೂ ಬಿಟ್ಟ ಊರಿಗೂ ಹಣೆಬರಹ ಬೇರೆಯಾಯಿತು. ರೈಲು ವಿಜಾಪುರ ಮುಟ್ಟಿದ ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರವೂ ಕಲಾದಗಿ ಬಿಟ್ಟು ಅಲ್ಲಿಗೆ ಹೋಯಿತು. ಹುನಗುಂದ, ಇಳಕಲ್ ಹಳಿಯ ಪೂರ್ವಕ್ಕೆ ಉಳಿದವು. ಟೋಪ್ ತೆನಿ ಸೆರಗಿನ ಇಳಕಲ್ ಸೀರೆ, ದೇಶದಾಚೆಗೂ ಹೋಗುವ ಅಲ್ಲಿಯ ಕೆಂಪು ಗ್ರಾನೈಟ್ ಎರಡೂ ರಸ್ತೆಯನ್ನೇ ನಂಬಿ ಬೆಳೆದವು.

2008ರ ಹೊತ್ತಿಗೆ ಮೀಟರ್ ಗೇಜ್ ಹೋಗಿ ದೊಡ್ಡ ಹಳಿ ಬಂತು. ಹೊಟಗಿಯಲ್ಲಿ ಇಳಿಸಿ ಹೇರುವ ಕಾಟ ತಪ್ಪಿತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಈಗ ಇದೇ ದಾರಿಯಲ್ಲಿ ಓಡುತ್ತದೆ. ಬಾಗಲಕೋಟೆ–ಕುಡಚಿ ಹೊಸ ಮಾರ್ಗ ಕಲಾದಗಿ ಸೀಮೆಯ ಖಜ್ಜಿಡೋಣಿಗೆ ಬಂದಿದೆ. ಗದಗ–ವಾಡಿ ಮಾರ್ಗ ಇಳಕಲ್ಲಿನ ನೆರೆಯ ಕುಷ್ಟಗಿಯನ್ನು ಮುಟ್ಟಿದೆ.

ಹಸಿದ ಊರಿಗೆ ಕಾಳು ಮುಟ್ಟಿಸಲೆಂದು ಹಾಕಿದ ಹಳಿಯಿದು. ದುಡಿಯುವ ಊರಿನ ಸರಕನ್ನು ಪೇಟೆಗೆ ಮುಟ್ಟಿಸುವುದೂ ಅದರ ಕೆಲಸವೇ. ಹುನಗುಂದ, ಇಳಕಲ್ಲಿನ ಜನ ತಮ್ಮೂರಿಗೂ ರೈಲು ಬರಲೆಂದು ಕೇಳುವುದರಲ್ಲಿ ನ್ಯಾಯವಿದೆ. 1884ರಲ್ಲಿ ಶುರುವಾದ ಕೆಲಸ ಅವರ ಪಾಲಿಗೆ ಇನ್ನೂ ಮುಗಿದಿಲ್ಲ.