ತಿಂಗಳಿಗೋ, ವರ್ಷಕ್ಕೋ?

ಕಳೆದ ಕಬ್ಬಿನ ಹಂಗಾಮಿನಲ್ಲಿ ಅಂಕಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಅಣ್ಣನ ಮಗ ಮೊಬೈಲು ಹಿಡಿದುಕೊಂಡು ಬಂದ. ಒಂದು ಬ್ಯಾಂಕು ಅವನಿಗೆ ಕ್ರೆಡಿಟ್ ಕಾರ್ಡ್ ಮಂಜೂರು ಮಾಡಿತ್ತು. ಅರವತ್ತು ಸಾವಿರದ ಮಿತಿ, ಪ್ರತಿ ಖರೀದಿಗೂ ರಿವಾರ್ಡ್ ಪಾಯಿಂಟು, ಮೇಲೆ ಅಭಿನಂದನೆ.

“ಬಡ್ಡಿ ಎಷ್ಟ ಹಚ್ಚತಾರೋ?” ಎಂದೆ.

“ಮೂರೂವರಿ ಪರ್ಸೆಂಟ್ ಅಂತ ಐತಿ ಕಾಕಾ. ಸೊಸೈಟಿಗಿಂತ ಕಡಿಮಿ ಆತಲ್ಲ?”

ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು: “ತಿಂಗಳಿಗೋ, ವರ್ಷಕ್ಕೋ?”

ಹುಡುಗ ಮೊಬೈಲನ್ನು ಮೇಲೆ ಕೆಳಗೆ ಸರಿಸಿದ. ಅಭಿನಂದನೆಯ ಪುಟದಲ್ಲಿ ಉತ್ತರವಿರಲಿಲ್ಲ. ಷರತ್ತುಗಳ ಕಡತ ತೆರೆದು, ಸಣ್ಣ ಅಕ್ಷರಗಳನ್ನು ಹಿಗ್ಗಿಸಿ ನೋಡಿದಾಗ ಸಿಕ್ಕಿತು. ತಿಂಗಳಿಗೆ ಶೇ. 3.5, ವರ್ಷಕ್ಕೆ ಶೇ. 42.

ಅವ್ವ ಶಾಲೆ ಕಂಡವಳಲ್ಲ. ಆದರೆ ಆ ಪ್ರಶ್ನೆಯ ಹಿಂದೆ ನಮ್ಮ ಸೀಮೆಯ ಸಾಲದ ಚರಿತ್ರೆಯೇ ಇದೆ ಎಂದು ನನಗೆ ಆಮೇಲೆ ಹೊಳೆಯಿತು. ನಮ್ಮಲ್ಲಿ ಸಾವಕಾರನ ಬಡ್ಡಿಯನ್ನು ಎಂದಿಗೂ ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. “ನೂರಕ್ಕ ಎರಡು” ಎಂದರೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ತನಾಲ್ಕು. ವರ್ಷದ ಲೆಕ್ಕ ಬಂದದ್ದು ಬ್ಯಾಂಕು, ಸೊಸೈಟಿಗಳ ಜೊತೆಗೆ. ಹೀಗಾಗಿ ಹಳಬರಿಗೆ ಎರಡು ಲೆಕ್ಕಗಳೂ ಗೊತ್ತು, ಎರಡರ ನಡುವೆ ಮೋಸ ಹೋಗಬಹುದೆಂದೂ ಗೊತ್ತು. ಕ್ರೆಡಿಟ್ ಕಾರ್ಡು ಮಾತ್ರ ಬ್ಯಾಂಕಿನ ಮನೆಯಲ್ಲಿ ಹುಟ್ಟಿ ಸಾವಕಾರನ ಭಾಷೆ ಆಡುತ್ತದೆ.

ತಿಂಗಳ ಲೆಕ್ಕ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿ, ಅಂದರೆ ಶೇ. 1.25. ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ರಮದಲ್ಲಿ ಎರಡು, ಮೂರು, ನಾಲ್ಕು, ಐದು. ಮೇಲಿನವನಿಗೆ ಕಡಿಮೆ, ಕೆಳಗಿನವನಿಗೆ ಹೆಚ್ಚು. ಕಾಡು ದಾಟುವ ವ್ಯಾಪಾರಿಗೆ ಹತ್ತು, ಸಮುದ್ರಕ್ಕೆ ಇಳಿಯುವವನಿಗೆ ಇಪ್ಪತ್ತು. ಕಾರ್ಡಿನ ಸಾಲವೂ ಒತ್ತೆಯಿಲ್ಲದ ಸಾಲವೇ. ಅದರ ಮೂರೂವರೆ ಈ ಪಟ್ಟಿಯ ನಡುವೆಯೇ ಬಂದು ಕೂರುತ್ತದೆ.

ಆದರೆ ಆ ಹಳೆಯ ವ್ಯವಸ್ಥೆಗೆ ಒಂದು ಕಟ್ಟೆಯಿತ್ತು. ಬಡ್ಡಿ ಬೆಳೆದು ಬೆಳೆದು ಅಸಲಿನಷ್ಟಾದರೆ ಅಲ್ಲಿಗೆ ನಿಲ್ಲಬೇಕು, ಒಂದೇ ಸಲಕ್ಕೆ ಅಸಲಿನ ಎರಡರಷ್ಟಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಮುಂಬಯಿ ಇಲಾಖೆಯಲ್ಲಿ ಇದಕ್ಕೆ ‘ದಾಮದುಪ್ಪಟ್’ ಎಂದು ಹೆಸರು. ನಾವು ಇವತ್ತಿಗೂ ಆಡುವ ‘ದುಪ್ಪಟ್ಟು’ ಎಂಬ ಮಾತು ಅದರಲ್ಲಿದೆ. ಬ್ರಿಟಿಷ್ ನ್ಯಾಯಾಲಯಗಳೂ ಹಿಂದೂ ಸಾಲಗಾರರ ವಿಷಯದಲ್ಲಿ ಈ ನಿಯಮವನ್ನು ಮಾನ್ಯ ಮಾಡಿದ್ದವು.

1855ರಲ್ಲಿ ಸರ್ಕಾರ ಬಡ್ಡಿಯ ಮಿತಿಯ ಕಾಯ್ದೆಗಳನ್ನು ರದ್ದು ಮಾಡಿತು. ಇಬ್ಬರು ಒಪ್ಪಿ ಬರೆದುಕೊಂಡ ಬಡ್ಡಿಯೇ ನ್ಯಾಯದ ಬಡ್ಡಿ ಎಂಬುದು ಹೊಸ ತತ್ವ. 1859ರಲ್ಲಿ ಸಾಲದ ದಾವೆಗೆ ಮೂರು ವರ್ಷದ ಕಾಲಮಿತಿ ಬಂತು. ರೈತನಿಗೆ ಅನುಕೂಲವಾಗಲೆಂದು ತಂದದ್ದು ಅವನಿಗೇ ತಿರುಗಿಬಿತ್ತು. ಗಡುವು ಮುಗಿಯುವ ಮೊದಲೇ ಸಾವಕಾರ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದ. ಪ್ರತಿ ಹೊಸ ಪತ್ರದಲ್ಲೂ ಬಡ್ಡಿ ಅಸಲಿನ ವೇಷ ತೊಟ್ಟು ಬರುತ್ತಿತ್ತು. ದುಪ್ಪಟ್ಟಿನ ಕಟ್ಟೆ ಹಾಗೆಯೇ ಇತ್ತು, ನೀರು ಪಕ್ಕದಿಂದ ಹರಿದುಹೋಗುತ್ತಿತ್ತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ಸಂತೆಯ ದಿನ ರೈತರು ಸಾವಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ದಂಗೆ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ಹಬ್ಬಿತು. ಎಲ್ಲೆಡೆ ಅವರು ಮುಖ್ಯವಾಗಿ ಕೇಳಿದ್ದು ಸಾಲದ ಪತ್ರಗಳನ್ನು. ಸಿಕ್ಕಲ್ಲೆಲ್ಲ ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರಗಳಿಗೆ ಮಾತ್ರ. ನಮ್ಮ ಬೆಳಗಾವಿ ಆ ನಾಲ್ಕರಲ್ಲಿರಲಿಲ್ಲ, ಇಲಾಖೆಯ ಉಳಿದ ಜಿಲ್ಲೆಗಳಿಗೆ ಅದು ವಿಸ್ತರಿಸಿದ್ದು ಆಮೇಲೆ. ಆ ಕಾಯ್ದೆಯ ತಿರುಳು ಒಂದೇ. ನ್ಯಾಯಾಧೀಶ ಪತ್ರದಲ್ಲಿ ಬರೆದಷ್ಟನ್ನೇ ನಂಬಬೇಕಿಲ್ಲ, ಪತ್ರದ ಹಿಂದಕ್ಕೆ ಹೋಗಿ ಮೊದಲ ದಿನ ರೈತನ ಕೈಗೆ ನಿಜವಾಗಿ ಬಂದ ಹಣವೆಷ್ಟು ಎಂದು ಲೆಕ್ಕ ತೆಗೆಯಬಹುದು. 1918ರ ವಿಪರೀತ ಬಡ್ಡಿ ಸಾಲಗಳ ಕಾಯ್ದೆ ಇದೇ ಅಧಿಕಾರವನ್ನು ಬ್ರಿಟಿಷ್ ಭಾರತದ ನ್ಯಾಯಾಲಯಗಳಿಗೆ ಕೊಟ್ಟಿತು.

ಕಾಯ್ದೆ ಒಂದು ದಾರಿಯಾದರೆ ಇನ್ನೊಂದು ದಾರಿ ನಮ್ಮವರೇ ಕಟ್ಟಿದ್ದು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪಿಸಿದರು. ‘ಪತ್ತು’ ಎಂದರೆ ಸಾಲವಷ್ಟೇ ಅಲ್ಲ, ಊರಲ್ಲಿ ಒಬ್ಬ ಗಳಿಸಿದ ನಂಬಿಕೆ. ಕ್ರೆಡಿಟ್ ಎಂಬುದಕ್ಕೆ ಇಷ್ಟು ಚೊಕ್ಕ ಮಾತು ನಮ್ಮಲ್ಲಿ ಮೊದಲೇ ಇತ್ತು. ಪತ್ತಿನ ಸಂಘದಲ್ಲಿ ಸಾಲ ಕೊಡುವವರು ನಮ್ಮ ಮುಖ ಬಲ್ಲವರು. ಬಡ್ಡಿ ವರ್ಷದ್ದು, ಅದನ್ನು ಸಭೆಯಲ್ಲಿ ಎದ್ದು ಕೇಳಬಹುದು.

ಇನ್ನು ಕಾರ್ಡಿನ ಕಥೆ. ಭಾರತದಲ್ಲಿ ಬ್ಯಾಂಕೊಂದು ಕ್ರೆಡಿಟ್ ಕಾರ್ಡು ಕೊಡತೊಡಗಿದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೂಲಕ. 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 21ಎ ಎಂಬ ಕಲಮು ಸೇರಿತು. 1918ರ ಕಾಯ್ದೆ ಏನೇ ಹೇಳಲಿ, ಬಡ್ಡಿ ವಿಪರೀತವಾಯಿತೆಂಬ ಕಾರಣಕ್ಕೆ ಬ್ಯಾಂಕಿನ ಸಾಲದ ವ್ಯವಹಾರವನ್ನು ನ್ಯಾಯಾಲಯ ಮತ್ತೆ ತೆರೆಯುವಂತಿಲ್ಲ ಎಂದು ಅದು ಹೇಳುತ್ತದೆ. ಸೂಪೆಯ ರೈತರ ಸಿಟ್ಟಿನಿಂದ ತೆರೆದ ಬಾಗಿಲು ಬ್ಯಾಂಕುಗಳ ಮಟ್ಟಿಗೆ ಹೀಗೆ ಸದ್ದಿಲ್ಲದೆ ಮುಚ್ಚಿತು. ಆಗ ಯಾರಿಗೂ ಅದು ನೋಯಲಿಲ್ಲ, ಏಕೆಂದರೆ ಬ್ಯಾಂಕೆಂದರೆ ಸಾವಕಾರನಿಗಿಂತ ಕಡಿಮೆ ಬಡ್ಡಿ ಎಂದೇ ಎಲ್ಲರ ತಿಳಿವಳಿಕೆಯಾಗಿತ್ತು.

2008ರ ಜುಲೈಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಕೊಟ್ಟಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು, ತಡೆ ಸಿಕ್ಕಿತು. ಹದಿನಾರು ವರ್ಷಗಳ ನಂತರ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಬಡ್ಡಿದರದ ವಿಷಯ ರಿಸರ್ವ್ ಬ್ಯಾಂಕಿಗೆ ಸೇರಿದ್ದು, ಆಯೋಗಕ್ಕೆ ಆ ಅಧಿಕಾರವಿಲ್ಲ ಎಂದಿತು. ರಿಸರ್ವ್ ಬ್ಯಾಂಕಾದರೋ ಬಡ್ಡಿ ಮಿತಿಮೀರಬಾರದು ಎನ್ನುತ್ತದೆ, ಎಷ್ಟಾದರೆ ಮಿತಿಮೀರಿದಂತೆ ಎಂಬ ಸಂಖ್ಯೆ ಹೇಳುವುದಿಲ್ಲ.

ಅಮೆರಿಕೆಯ ಕಥೆಯೂ ದೂರದ್ದಲ್ಲ. ಅಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು, ಬ್ಯಾಂಕು ನೆಲೆಸಿರುವ ರಾಜ್ಯದ ಬಡ್ಡಿಯನ್ನೇ ಬೇರೆ ರಾಜ್ಯಗಳ ಗ್ರಾಹಕರಿಗೂ ಹಾಕಬಹುದೆಂದಿತು. ದಕ್ಷಿಣ ಡಕೋಟ 1980ರಲ್ಲಿ ಬಡ್ಡಿಯ ಮಿತಿ ತೆಗೆದುಹಾಕಿದ್ದೇ ತಡ, ಸಿಟಿಬ್ಯಾಂಕ್ ತನ್ನ ಕಾರ್ಡು ವ್ಯವಹಾರವನ್ನು ಅಲ್ಲಿಗೆ ಒಯ್ದಿತು. ಆದರೆ ಅದೇ ದೇಶದ 1968ರ ಕಾಯ್ದೆಯೊಂದು ಸಾಲ ಕೊಡುವವನು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ತಿಳಿಸಬೇಕೆಂದು ಕಡ್ಡಾಯ ಮಾಡಿತ್ತು. 2009ರ ಕಾಯ್ದೆ ಹೊಸ ಕಾರ್ಡಿಗೆ ಮೊದಲ ವರ್ಷ ಬಡ್ಡಿ ಏರಿಸುವುದನ್ನು ಬಹುಮಟ್ಟಿಗೆ ತಡೆಯಿತು. ನಮ್ಮ ರಿಸರ್ವ್ ಬ್ಯಾಂಕಿನ ನಿರ್ದೇಶನಗಳೂ ವಾರ್ಷಿಕ ದರ ತಿಳಿಸಬೇಕೆನ್ನುತ್ತವೆ. ಹಾಗಾಗಿಯೇ ಆ 42 ನಮಗೆ ಸಿಕ್ಕಿದ್ದು, ಹುಡುಕಿದ ಮೇಲೆ.

ಆ ದಿನ ಹುಡುಗನ ಜೊತೆ ಕುಳಿತು ಲೆಕ್ಕ ಮಾಡಿದೆ. ಇಪ್ಪತ್ತು ಸಾವಿರದ ಖರೀದಿ ಎಂದುಕೊಳ್ಳೋಣ. ನೂರು ರೂಪಾಯಿಗೊಂದು ಪಾಯಿಂಟು, ಪಾಯಿಂಟಿಗೆ ನಾಲ್ಕಾಣೆ ಎಂದು ಹಿಡಿದರೆ ಐವತ್ತು ರೂಪಾಯಿಯ ಬಹುಮಾನ. ಬಿಲ್ಲು ಬಂದಾಗ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ. ಕನಿಷ್ಠ ಮೊತ್ತವೆಂದು ಒಂದು ಸಾವಿರ ಕಟ್ಟಿ ಹತ್ತೊಂಬತ್ತು ಸಾವಿರ ಉಳಿಸಿಕೊಂಡರೆ ತಿಂಗಳಿಗೆ 665 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸುಮಾರು 120. ಬಡ್ಡಿಯ ಎಣಿಕೆಯೂ ಬಿಲ್ಲಿನ ದಿನದಿಂದಲ್ಲ, ಖರೀದಿಸಿದ ದಿನದಿಂದ. ಬಾಕಿ ತೀರುವತನಕ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳಿಲ್ಲ. ಪೂರ್ತಿ ಕಟ್ಟುವವನ ಕಿಸೆಗೆ ಬೀಳುವ ಬಹುಮಾನದಲ್ಲಿ, ಕಟ್ಟಲಾಗದವನ ಬಡ್ಡಿಯ ಪಾಲೂ ಇದೆ.

ನಮ್ಮ ಕಡೆ ಕಟ್ಟಲಾಗದಿರುವುದಕ್ಕೆ ದುಂದುಗಾರಿಕೆಯೇ ಕಾರಣವಾಗಬೇಕಿಲ್ಲ. ಕೃಷ್ಣೆಯ ದಂಡೆಯ ಈ ಊರುಗಳಲ್ಲಿ ಹಣ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ, ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು. ರೈತನಿಗೆ ಬರಬೇಕಾದ ಹಣ ತಡವಾದರೆ ಹದಿನೈದು, ಅವನು ಕೊಡಬೇಕಾದದ್ದು ತಡವಾದರೆ ನಲವತ್ತೆರಡು. ಅಣ್ಣನ ಕಿಸೆಯಲ್ಲಿ 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದರೆ ಅದರ ಬಡ್ಡಿ ವರ್ಷಕ್ಕೆ ಶೇ. 4. ಮಗನ ಕಾರ್ಡಿನದು ಅದರ ಹತ್ತು ಪಟ್ಟಿಗೂ ಹೆಚ್ಚು. ಹೊಲ ಅಪ್ಪನ ಹೆಸರಿನಲ್ಲಿದೆ, ಹೀಗಾಗಿ ಅಗ್ಗದ ಕಾರ್ಡೂ ಅಪ್ಪನದೇ.

ಹುಡುಗ ಎಲ್ಲ ಕೇಳಿಸಿಕೊಂಡ. ಆದರೂ ಬಾವಿಯ ಮೋಟಾರು ಸುಟ್ಟಾಗ ಹೊಸದನ್ನು ಆ ಕಾರ್ಡಿನಲ್ಲೇ ತಂದ. ಕಬ್ಬು ಹೋಗಿ ಆಗಲೇ ಮೂರು ವಾರವಾಗಿತ್ತು, ಬಿಲ್ಲು ಬಂದೇ ಬರುತ್ತದೆ ಎಂಬ ಧೈರ್ಯ. ಕಾರ್ಡಿನ ಗಡುವು ಬಂತು, ಕಬ್ಬಿನ ಹಣ ಬರಲಿಲ್ಲ.

ಗಡುವಿನ ಹಿಂದಿನ ದಿನ ಅತ್ತಿಗೆ ತನ್ನ ಭಿಶಿಯ ಸರದಿಯನ್ನು ಗೆಳತಿಯೊಬ್ಬಳ ಜೊತೆ ಅದಲುಬದಲು ಮಾಡಿಕೊಂಡು, ಬಂದ ಹಣವನ್ನು ಮಗನ ಕೈಗಿಟ್ಟಳು. ಓಣಿಯ ಹನ್ನೆರಡು ಹೆಂಗಸರ ಭಿಶಿ ಅದು. ಅದಕ್ಕೆ ಬಡ್ಡಿಯಿಲ್ಲ, ಪಾಯಿಂಟೂ ಇಲ್ಲ. ಹುಡುಗ ಪೂರ್ತಿ ಕಟ್ಟಿದ. ಮಾರನೆಯ ದಿನ ಮೊಬೈಲಿಗೆ ಇನ್ನೊಂದು ಅಭಿನಂದನೆ ಬಂತು. ಕಾರ್ಡಿನ ಮಿತಿ ಎಂಬತ್ತು ಸಾವಿರಕ್ಕೆ ಏರಿಸಿಕೊಳ್ಳಬಹುದಂತೆ.