ತಾಲ್ಲೂಕು ಆಸ್ಪತ್ರೆಗಳಲ್ಲಿ ಔಷಧ ವಿತರಣೆ ಮತ್ತು ಸುರಕ್ಷತೆ: ನಂಜನಗೂಡು ಹಾಗೂ ಟಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸಾರ್ವಜನಿಕ ಆಸ್ಪತ್ರೆಗಳು ಆಯಾ ತಾಲ್ಲೂಕಿನ ಗ್ರಾಮೀಣ ಜನತೆಗೆ ಪ್ರಮುಖ ಚಿಕಿತ್ಸಾ ಕೇಂದ್ರಗಳಾಗಿರುತ್ತವೆ. ಹೆಚ್ಚಿನ ಚಿಕಿತ್ಸೆಯ ಅಗತ್ಯವಿರುವ ರೋಗಿಗಳನ್ನು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಮುಂತಾದೆಡೆಗೆ ಕಳುಹಿಸಲಾಗುತ್ತದೆ. ಹೀಗಾಗಿ ಒಬ್ಬರೇ ರೋಗಿಯು ಊರಿನ ಔಷಧದಂಗಡಿ, ತಾಲ್ಲೂಕು ಆಸ್ಪತ್ರೆ ಮತ್ತು ಮೈಸೂರಿನ ಆಸ್ಪತ್ರೆ, ಈ ಮೂರೂ ಕಡೆಗಳಿಂದ ಔಷಧ ಪಡೆಯುವ ಸಂದರ್ಭಗಳು ಉಂಟಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಆರಂಭಿಸಿದ ಔಷಧ ಸುರಕ್ಷತಾ ಕಾರ್ಯಕ್ರಮದಲ್ಲಿ, ರೋಗಿಯು ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಹೋಗುವ ಹಂತವನ್ನು ವಿಶೇಷ ಎಚ್ಚರಿಕೆ ಬೇಕಾದ ಮೂರು ಸಂದರ್ಭಗಳಲ್ಲಿ ಒಂದೆಂದು ಗುರುತಿಸಲಾಗಿದೆ.

ಒಂದೇ ಔಷಧ, ಎರಡು ಹೆಸರು

ಸರ್ಕಾರಿ ಆಸ್ಪತ್ರೆಗಳಿಗೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಔಷಧಗಳು ಸಾಮಾನ್ಯವಾಗಿ ಮೂಲ ಹೆಸರಿನಲ್ಲಿ ಪೂರೈಕೆಯಾಗುತ್ತವೆ. ಖಾಸಗಿ ಅಂಗಡಿಗಳಲ್ಲಿ ಅದೇ ಔಷಧವು ಕಂಪನಿಯ ಹೆಸರಿನಲ್ಲಿ, ಬೇರೆ ಬಣ್ಣ ಮತ್ತು ಆಕಾರದಲ್ಲಿ ದೊರೆಯುತ್ತದೆ. ಸಕ್ಕರೆ ಕಾಯಿಲೆಯ ರೋಗಿಯು ಗ್ಲಿಮೆಪಿರೈಡ್ ಮಾತ್ರೆಯನ್ನು ಎರಡು ಹೆಸರುಗಳಲ್ಲಿ ಒಟ್ಟಿಗೆ ಸೇವಿಸಿದಲ್ಲಿ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಬೆವರು, ನಡುಕ, ಗೊಂದಲ ಹಾಗೂ ಪ್ರಜ್ಞಾಹೀನತೆ ಉಂಟಾಗಬಹುದು. ಪ್ರಜ್ಞೆ ಇರುವವರಿಗೆ ಕೂಡಲೇ ಸಕ್ಕರೆ ನೀರು ಕುಡಿಸಿ, 108 ಆಂಬುಲೆನ್ಸ್ ಮೂಲಕ ಆಸ್ಪತ್ರೆಗೆ ಕರೆತರತಕ್ಕದ್ದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಸಾರ್ವಜನಿಕರು ಪಾಲಿಸಬೇಕಾದ ಕ್ರಮಗಳು

1. ಆಸ್ಪತ್ರೆಗೆ ಬರುವಾಗ ಹಳೆಯ ಚೀಟಿ, ಬಿಡುಗಡೆ ಪತ್ರ ಮತ್ತು ಮನೆಯಲ್ಲಿರುವ ಎಲ್ಲಾ ಔಷಧಗಳನ್ನು ಒಂದೇ ಚೀಲದಲ್ಲಿ ತರುವುದು.
2. ಹಿಂದೆ ಯಾವುದಾದರೂ ಔಷಧ ಒಗ್ಗದೇ ಇದ್ದಲ್ಲಿ ಹಾಗೂ ಗರ್ಭಿಣಿಯಾಗಿದ್ದಲ್ಲಿ ಮೊದಲೇ ವೈದ್ಯರಿಗೆ ತಿಳಿಸುವುದು.
3. ಆಯುರ್ವೇದ ಅಥವಾ ನಾಟಿ ಔಷಧ ಸೇವಿಸುತ್ತಿದ್ದಲ್ಲಿ ಅದನ್ನೂ ಮರೆಮಾಚದೆ ಹೇಳುವುದು. 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪನೆಗೊಂಡ ನಂಜನಗೂಡಿನಲ್ಲಿ ಇಂತಹ ಔಷಧಗಳ ಬಳಕೆಯು ಹಳೆಯ ರೂಢಿಯಾಗಿದ್ದು, ಇದನ್ನು ತಿಳಿಸಲು ಸಂಕೋಚಪಡಬೇಕಾಗಿಲ್ಲ.
4. ಔಷಧ ಪಡೆಯುವಾಗ ಯಾವ ಮಾತ್ರೆ, ಎಷ್ಟು, ಯಾವ ಹೊತ್ತು, ಊಟದ ಮೊದಲೋ ನಂತರವೋ, ಹಳೆಯ ಯಾವ ಮಾತ್ರೆ ನಿಲ್ಲಿಸಬೇಕು ಎಂಬುದನ್ನು ಕೇಳಿ ತಿಳಿಯುವುದು. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯಂತೆ ಔಷಧ ಬಳಕೆಯ ಬಗ್ಗೆ ತಿಳಿವಳಿಕೆ ನೀಡುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವಾಗಿರುತ್ತದೆ. ಓದು ಬಾರದವರು ಪೊಟ್ಟಣದ ಮೇಲೆ ಗುರುತು ಹಾಕಿಸಿಕೊಳ್ಳಬಹುದಾಗಿದೆ.
5. ಅವಧಿಯ ತಿಂಗಳು ಮತ್ತು ವರ್ಷ ಮಾತ್ರ ಮುದ್ರಿತವಾಗಿದ್ದಲ್ಲಿ ಆ ತಿಂಗಳ ಕೊನೆಯ ದಿನದವರೆಗೆ ಮಾತ್ರ ಬಳಸುವುದು.

ಬ್ಯಾಚ್ ಸಂಖ್ಯೆಯ ಮಹತ್ವ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆ ಶಸ್ತ್ರಚಿಕಿತ್ಸೆಯ ನಂತರ ಬಾಣಂತಿಯರ ಸಾವು ಸಂಭವಿಸಿದಾಗ, ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂದೇಹ ಉಂಟಾಗಿ ಅದರ ಬಳಕೆಯನ್ನು ರಾಜ್ಯದಲ್ಲಿ ತಡೆಹಿಡಿಯಲಾಯಿತು. ಸಂಶಯಾಸ್ಪದ ಔಷಧವನ್ನು ಎಲ್ಲೆಡೆ ಹುಡುಕಿ ಹಿಂಪಡೆಯಲು ಬ್ಯಾಚ್ ಸಂಖ್ಯೆಯೇ ಆಧಾರ. ಆದುದರಿಂದ ಮಾತ್ರೆಗಳು ಮುಗಿಯುವವರೆಗೆ ಪೊಟ್ಟಣದ ಸಂಖ್ಯೆಯಿರುವ ಭಾಗವನ್ನು ಹರಿದು ಬಿಸಾಡಬಾರದು. ಬಿಡಿ ಮಾತ್ರೆ ಪಡೆದಲ್ಲಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು.

ದುಷ್ಪರಿಣಾಮ ಕಂಡುಬಂದಲ್ಲಿ

ಔಷಧ ಸೇವನೆಯ ನಂತರ ಮೈಮೇಲೆ ಗಂಧೆ, ಮುಖದ ಊತ ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಬರತಕ್ಕದ್ದು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದಡಿ ರೋಗಿಗಳೇ ನೇರವಾಗಿ ವರದಿ ಸಲ್ಲಿಸಲು ಅವಕಾಶವಿದ್ದು, ಕೆಲಸದ ದಿನಗಳಲ್ಲಿ ಉಚಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ಕರೆ ಮಾಡಬಹುದಾಗಿದೆ. ಇಂತಹ ವರದಿಯು ವೈದ್ಯರ ವಿರುದ್ಧದ ದೂರಲ್ಲ. ಮುಂದಿನ ರೋಗಿಗೆ ಅದೇ ಹಾನಿ ಆಗದಂತೆ ತಡೆಯುವುದೇ ಇದರ ಉದ್ದೇಶವಾಗಿರುತ್ತದೆ.

ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಫಾರ್ಮಸಿ ಅಧಿಕಾರಿ ಅಥವಾ ಆಡಳಿತ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.